ಬಾಯಿಗೆ ತಾಗುತ್ತಾ?

ನಮ್ಮ ಮಾವನ ಅಂಗಡಿಗೆ ಯಾರೇ ಬರಲಿ, ಏನನ್ನೇ ತರಲಿ, ಮಾವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. "ಇದು ಬಾಯಿಗೆ ತಾಗುತ್ತಾ?" ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಚಮಚ ತಂದವರಿಗೂ ಅದೇ, ಫೋಟೋ ಚೌಕಟ್ಟು ತಂದವರಿಗೂ ಅದೇ. ಒಮ್ಮೆ ರಿಟೈರ್ಡ್ ಜಡ್ಜ್ ಒಬ್ಬರು ತಮ್ಮ ಊರುಗೋಲಿನ ಬೆಳ್ಳಿ ಹಿಡಿ ಸಡಿಲವಾಗಿದೆ ಎಂದು ತಂದಾಗಲೂ ಮಾವ ತಲೆ ಎತ್ತದೆ ಅದನ್ನೇ ಕೇಳಿದರು. "ಊರುಗೋಲು ಯಾರ ಬಾಯಿಗೆ ತಾಗುತ್ತೆ ರೀ?" ಎಂದು ಜಡ್ಜ್ ಸಿಡುಕಿದರು. "ಮನೇಲಿ ಮೊಮ್ಮಕ್ಕಳಿದ್ರೆ ತಾಗುತ್ತೆ ಸ್ವಾಮಿ" ಎಂದರು ಮಾವ. ಮೊಮ್ಮಕ್ಕಳಿದ್ದರು. ಊರುಗೋಲು ಬಾಯಿಗೆ ತಾಗುವ ಸಾಮಾನುಗಳ ಕಡೆಗೆ ಹೋಯಿತು.

ಬೀದಿಯವರು ಅವರಿಗೆ ಬಾಯಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಅಮ್ಮನ ಸ್ವಂತ ಅಣ್ಣ ಅವರು. ಹಳೆಯ ಬೆಳ್ಳಿ ರಿಪೇರಿ ಅವರ ಕಸುಬು. ಹೊಸದು ಮಾಡುತ್ತಿರಲಿಲ್ಲ, ಮಾರುತ್ತಿರಲಿಲ್ಲ. ಸೀಳಿದ್ದು, ಮುರಿದದ್ದು, ಹಿಡಿ ಕಳಚಿದ್ದು, ಇಂಥವನ್ನು ಬೆಸೆದು ಕೊಡುವುದಷ್ಟೆ. ಅಂಗಡಿ ಕೆಳಗೆ, ಅವರ ಮನೆ ಅಂಗಡಿಯ ಹಿಂದೆ, ಮಹಡಿಯ ಮೇಲೆ ನಾವು. ನಾನು ಮದುವೆಯಾದ ಮೇಲೂ ಅದೇ ಮಹಡಿಯಲ್ಲಿ ಉಳಿದೆ. ನನ್ನ ಗಂಡನಿಗೆ ಲಾರಿ ಓಡಿಸುವ ಕೆಲಸ, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ಹಾಗಾಗಿ ಬೆಳ್ಳಿ ಉಜ್ಜುವ ಮಾವನ ಅರದ ಸದ್ದು ಕೇಳಿಸದ ದಿನ ನನ್ನ ಬದುಕಿನಲ್ಲಿ ಇರಲೇ ಇಲ್ಲ ಎನ್ನಬಹುದು.

ಆ ಪ್ರಶ್ನೆ ಹುಚ್ಚಿನದಲ್ಲ, ಕಸುಬಿನದು. ಬೆಳ್ಳಿಯನ್ನು ಬೆಸೆಯಲು ಎರಡು ದಾರಿ. ಒಂದು ಬೆಳ್ಳಿಯ ಬೆಸುಗೆಯೇ. ಅದಕ್ಕೆ ಜೋರು ಬೆಂಕಿ ಬೇಕು, ಊದುಕೊಳವೆ ಹಿಡಿದು ಕೆನ್ನೆ ನೋಯುವಷ್ಟು ಊದಬೇಕು, ತೆಳುವಾದ ಸಾಮಾನಾದರೆ ಸೊಟ್ಟಗಾಗುವ ಭಯ. ಇನ್ನೊಂದು ಸೀಸದ ಬೆಸುಗೆ. ಸಣ್ಣ ಉರಿ ಸಾಕು, ಚಿಟಿಕೆ ಹೊಡೆಯುವುದರೊಳಗೆ ಕೆಲಸ ಮುಗಿಯುತ್ತದೆ. ಡಬ್ಬಿ, ಚೌಕಟ್ಟು, ದೀಪದ ಬುಡ, ಇಂಥವಕ್ಕೆ ಯಾರಾದರೂ ಸೀಸವನ್ನೇ ಹಾಕುತ್ತಾರೆ. ಆದರೆ ಸೀಸ ವಿಷ. ಲೋಟಕ್ಕೆ, ಚಮಚಕ್ಕೆ ಹಾಕಿದರೆ ದಿನವೂ ಇಷ್ಟಿಷ್ಟೇ ಹೊಟ್ಟೆಗೆ ಹೋಗುತ್ತದೆ. ದೊಡ್ಡವರು ತಡೆದುಕೊಂಡಾರು, ಮಕ್ಕಳು ತಡೆಯುವುದಿಲ್ಲ. ಅದಕ್ಕೇ ಮೊದಲು ಆ ಪ್ರಶ್ನೆ. ಮಾವ ಎಡಚರು. ಅವರ ಮೇಜಿನ ಎಡಕ್ಕೆ ಬೆಳ್ಳಿ ಬೆಸುಗೆಯ ಸಾಮಾನು, ಬಲಕ್ಕೆ, ಕೈ ಸುಲಭವಾಗಿ ಹೋಗದ ಕಡೆ, ಸೀಸದ ಡಬ್ಬಿ. ಎರಡಕ್ಕೂ ಅರ ಬೇರೆ, ಇಕ್ಕಳ ಬೇರೆ, ಒರೆಸುವ ಬಟ್ಟೆ ಬೇರೆ. ಚಿಕ್ಕವಳಿದ್ದಾಗ ನಾನು ಬಲಗಡೆಯ ಡಬ್ಬಿ ಮುಟ್ಟಿ ಬೆನ್ನ ಮೇಲೆ ಒಂದು ಗುದ್ದು ತಿಂದಿದ್ದೆ. ಅವರು ನನಗೆ ಹೊಡೆದದ್ದು ಅದೊಂದೇ ಸಲ.

ಅತ್ತೆ ಎಂದರೆ ಮಾವನ ಹೆಂಡತಿ. ಮಾತು ಕಡಿಮೆ ಎಂದರೆ ಅಷ್ಟಿಷ್ಟು ಕಡಿಮೆಯಲ್ಲ. ನಾಚಿಕೆಯೂ ಹಾಗೆಯೇ. ತನ್ನ ಒಳಬಟ್ಟೆಯನ್ನು ಒಣಹಾಕಿ ಅದರ ಮೇಲೊಂದು ಸೀರೆ ಹೊದಿಸುತ್ತಿದ್ದವರು. ಮೈಗೆ ಹುಷಾರಿಲ್ಲದಿದ್ದರೆ ಎಲ್ಲಿ ನೋವು ಎಂದು ಡಾಕ್ಟರಿಗೂ ಹೇಳದೆ, "ಸ್ವಲ್ಪ ಸುಸ್ತು" ಎಂದು ಬರುತ್ತಿದ್ದರು. ಅವರಿಗೊಂದು ಹೆಣ್ಣು ಮಗುವಾಗಿತ್ತಂತೆ, ನಾನು ಹುಟ್ಟುವ ಎಷ್ಟೋ ಮೊದಲು. ಆಗಷ್ಟೇ ನಗುವುದನ್ನು ಕಲಿತಿತ್ತಂತೆ. ಆಮೇಲೆ ಬಿಳಿಚಿಕೊಂಡಿತು, ಕಾಲನ್ನು ಹೊಟ್ಟೆಗೆ ಮಡಚಿಕೊಂಡು ಅಳುತ್ತಿತ್ತು, ಕೊನೆಗೆ ಸೆಟೆದುಕೊಳ್ಳುತ್ತಿತ್ತು. ಜ್ವರ ತಲೆಗೇರಿದೆ ಎಂದರು ಡಾಕ್ಟರು. ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ಇಷ್ಟನ್ನೂ ನನಗೆ ಹೇಳಿದ್ದು ಅಮ್ಮ. ಅತ್ತೆಯಾಗಲಿ ಮಾವನಾಗಲಿ ಒಂದು ದಿನಕ್ಕೂ ಆ ಸುದ್ದಿ ಎತ್ತಿದವರಲ್ಲ.

ಅತ್ತೆಯ ಬಗ್ಗೆ ನಮ್ಮ ಮನೆಯಲ್ಲಿ ಒಂದು ತಮಾಷೆ ಇತ್ತು. ಗೋಡೆಯಾಚೆ ಗಂಡನ ಅಂಗಡಿ, ಆದರೆ ಅತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಊಟದ ತಟ್ಟೆಯನ್ನು ನಡುವಿನ ಬಾಗಿಲ ಹೊಸ್ತಿಲ ಮೇಲಿಟ್ಟು, ಬಳೆ ಸದ್ದು ಮಾಡಿ ಹೊರಟುಹೋಗುವರು. ಮೊದಲು ಬರುತ್ತಿದ್ದರಂತೆ. ಮಾವ ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಒಂದು ದಿನ ಅತ್ತೆ ಊಟ ಹಿಡಿದು ಬಂದಾಗ, ಯಾರೋ ಗಿರಾಕಿ ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಚಮಚ ತಂದಿದ್ದನಂತೆ. ಬೇರೆ ಕಡೆ ರಿಪೇರಿ ಮಾಡಿಸಿದ್ದು, ಸೀಸ ಹಾಕಿದ್ದು. ಅದನ್ನು ನೋಡಿ ಮಾವ ಕೂಗಾಡಿದರಂತೆ. "ಸೀಸ ಕಣ್ರೀ ಇದು! ಹಾಲಿನ ಜೊತೆ ಸೀಸ ಕುಡಿಸ್ತಿದೀರಿ! ಮಗೂನ ಕೊಲ್ಲಬೇಕು ಅಂತಿದೀರಾ?" ಅತ್ತೆಯ ಕೈಯಿಂದ ಊಟದ ಡಬ್ಬಿ ಬಿದ್ದು, ಅನ್ನವೆಲ್ಲ ನೆಲದ ಪಾಲಾಯಿತಂತೆ. ಅಂದಿನಿಂದ ಅವರು ಅಂಗಡಿಯ ಕಡೆ ಹೋಗಲಿಲ್ಲ. "ನನ್ನ ಗಂಟಲಿಗೆ ಹೆದರಿದ್ದು ಕಣೆ, ಇನ್ನೂ ಇಳಿದಿಲ್ಲ" ಎಂದು ಮಾವ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿರುತ್ತಿದ್ದರು.

ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಅಮ್ಮ. ಇನ್ನು ಏಳುವುದಿಲ್ಲ ಎಂದು ಗೊತ್ತಾದ ಮೇಲೆ ಅತ್ತೆ ಅವಳನ್ನು ಹತ್ತಿರ ಕರೆದು, ಟ್ರಂಕಿನ ತಳದಲ್ಲಿ ಒಂದು ಪುಟ್ಟ ಬಟ್ಟೆಯ ಗಂಟಿದೆ ಎಂದರು. "ನಾಲ್ಕೂ ಕಡೆ ಹೊಲಿದಿದೀನಿ. ಬಿಚ್ಚಬೇಡ. ನಾನು ಹೋದ್ಮೇಲೆ ಒಲೆಗೆ ಹಾಕಿ ಚೆನ್ನಾಗಿ ಉರಿ ಕೊಡು. ನಿಮ್ಮಣ್ಣನ ಕಣ್ಣಿಗೆ ಬೀಳಬಾರದು." ಅಮ್ಮ ಆಯಿತು ಎಂದಳು. ಸಾಯುವವರ ಮುಂದೆ ಇಲ್ಲ ಎನ್ನುವವರು ಯಾರು?

ಅತ್ತೆ ಹೋದ ಮೇಲೆ ಅಮ್ಮ ಆ ಗಂಟನ್ನು ಕೈಗೆತ್ತಿಕೊಂಡಳು. ಒಳಗೆ ಏನೋ ಗಟ್ಟಿಯಾಗಿ ಹತ್ತಿತು. ಬೆಳ್ಳಿ ಕೆಲಸದವರ ಮನೆಯಲ್ಲಿ ಹುಟ್ಟಿದವಳಲ್ಲವೇ, ಬೆರಳಿಗೆ ಗೊತ್ತಾಗಿಬಿಟ್ಟಿತು. ಬೆಳ್ಳಿಯನ್ನು ಒಲೆಗೆ ಹಾಕುವುದುಂಟೇ? ಹೊಲಿಗೆ ಬಿಚ್ಚಿದಳು. ಬಿಚ್ಚಿ ನೋಡಿದವಳು ಸುಮ್ಮನಿರಬಾರದೇ? ನೇರವಾಗಿ ಅಣ್ಣನ ಮುಂದೆ ಇಟ್ಟಳು. ಅತ್ತಿಗೆ ಸುಡು ಎಂದಿದ್ದರು ಎನ್ನುವುದನ್ನೂ ಸೇರಿಸಿಯೇ ಹೇಳಿದಳು. ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನನಗೆ ಇವತ್ತಿಗೂ ಅವಳ ಮೇಲೆ ಆ ಸಿಟ್ಟು ಇಳಿದಿಲ್ಲ.

ಗಂಟಿನಲ್ಲಿದ್ದದ್ದು ಎರಡೇ. ಒಂದು ಕೂಸಿನ ಅಂಗಿ, ಹಳದಿಗಟ್ಟಿದ್ದು. ಇನ್ನೊಂದು ಬೆಳ್ಳಿಯ ಪುಟ್ಟ ಟೋಪಿ. ಟೋಪಿ ಎಂದದ್ದು ನಾನು, ಬೇರೆ ಹೆಸರು ಗೊತ್ತಿರಲಿಲ್ಲ. ಅಂಗೈ ಗುಳಿಯಲ್ಲಿ ಕೂರುವಷ್ಟು. ಸುತ್ತ ಅಗಲವಾದ ಅಂಚು, ಒಳಕ್ಕೆ ಸ್ವಲ್ಪ ಬಾಗಿದ್ದು. ನಡುವೆ ಬೆರಳ ತುದಿಯಷ್ಟು ಎತ್ತರ, ಅದರ ನೆತ್ತಿಯಲ್ಲಿ ಸಣ್ಣ ಸಣ್ಣ ತೂತುಗಳು. ತುಂಬಾ ಹಳೆಯದು. ಒಂದು ಕಡೆ ನೆತ್ತಿಯಿಂದ ಅಂಚಿನವರೆಗೆ ಸೀಳಿತ್ತು. ಅದನ್ನು ಯಾರೋ ಬೆಸೆದಿದ್ದರು. ಹೊರಗಡೆ ನಯವಾಗಿಯೇ ಇತ್ತು. ಒಳಗಡೆ ಕಪ್ಪುಬೂದಿ ಬಣ್ಣದ ಗಂಟುಗಂಟು.

ಊರಿನ ಎಲ್ಲ ವಿಚಿತ್ರ ಬೆಳ್ಳಿಯೂ ಮಾವನ ಕೈಗೆ ಬಂದಿತ್ತು. ಇದು ಮೂಳೆಯೊಳಗಿನ ಮಜ್ಜೆ ತೆಗೆಯುವ ಚಮಚ, ಇದು ಬೂಟಿನ ಗುಂಡಿ ಹಾಕುವ ಕೊಕ್ಕೆ, ಇದು ಮೊಟ್ಟೆಯ ನೆತ್ತಿ ಕತ್ತರಿಸುವ ಕತ್ತರಿ ಎಂದು ಮುಟ್ಟಿ ನೋಡಿ ಹೇಳುತ್ತಿದ್ದವರು. ತನ್ನ ಹೆಂಡತಿಯ ಟ್ರಂಕಿನಲ್ಲಿದ್ದದ್ದು ಏನೆಂದು ಹೇಳಲಾಗಲಿಲ್ಲ.

"ಇಷ್ಟು ವರ್ಷ ನನ್ನಿಂದ ಏನು ಮುಚ್ಚಿಟ್ಟಳು ಕಣೆ?" ಎಂದು ಕೇಳಿದರು. ಮಾವನಿಗೆ ಬೇಕಾಗಿದ್ದದ್ದು ಇಷ್ಟೇ. ಟೋಪಿ ಏನೆಂದು ಗೊತ್ತಾದರೆ ಅದನ್ನು ಯಾಕೆ ಮುಚ್ಚಿಟ್ಟಳು ಎಂದು ಗೊತ್ತಾಗುತ್ತದೆ, ಅದು ಗೊತ್ತಾದರೆ ತನ್ನ ಜೊತೆ ಬಾಳಿದವಳು ಯಾರೆಂದು ಗೊತ್ತಾಗುತ್ತದೆ. ತನಗೆ ಹೇಳದೆ ಉಳಿಸಿಕೊಂಡದ್ದು ಅವಳ ಬದುಕಿನಲ್ಲಿ ಒಂದಿತ್ತು ಎನ್ನುವುದೇ ಅವರನ್ನು ತಿನ್ನುತ್ತಿತ್ತು. ಯಾರು ಕೊಟ್ಟದ್ದು? ತನಗೆ ಯಾಕೆ ಕಾಣಬಾರದು? ಅದೂ ಮಗುವಿನ ಅಂಗಿಯ ಜೊತೆ ಯಾಕೆ? ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಆ ಟೋಪಿ. ಎದ್ದರೆ ಜೇಬಿನಲ್ಲಿ ಆ ಟೋಪಿ.

ಬೀದಿಯವರೆಲ್ಲ ತಲೆಗೊಂದು ಹೇಳಿದರು. ಎದುರಿನ ಟೈಲರ್, ಇದು ಸೂಜಿ ಚುಚ್ಚದ ಹಾಗೆ ಹೆಬ್ಬೆರಳಿಗೆ ಹಾಕುವ ಅಂಗುಸ್ತಾನ ಎಂದ. "ನಿಮ್ಮಜ್ಜ ಹೊಲೀತಿದ್ದಿದ್ದು ಆನೆಗಾ?" ಎಂದು ಮಾವ ಅವನ ಬಾಯಿ ಮುಚ್ಚಿಸಿದರು. ಹಳೇ ಸಾಮಾನಿನ ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ, ಮೆಣಸಿನಪುಡಿ ಉದುರಿಸುವ ಡಬ್ಬಿಯ ತಲೆ ಎಂದ. "ಡಬ್ಬಿಗೆ ಕೂರೋಕೆ ಕಂಠ ಎಲ್ಲಿದೆ ಇದಕ್ಕೆ? ಅಂಚು ಅಗಲಕ್ಕೆ ಹೋಗಿದೆ ನೋಡು" ಎಂದರು ಮಾವ. ಟೀ ಸೋಸುವುದು ಎಂದರೆ ತೂತು ಸಾಲದು. ಬೊಂಬೆಯ ಟೋಪಿ ಎಂದಳು ಅಮ್ಮ. ಕೆಲವು ದಿನ ಮಾವ ಅದನ್ನೇ ನಂಬಲು ನೋಡಿದರು. ಮಗಳಿಗೆ ಮುಂದೆ ಕೊಡೋಣವೆಂದು ಬೊಂಬೆಗೊಂದು ಟೋಪಿ ತೆಗೆದಿಟ್ಟಿದ್ದಳೇನೋ. ಆದರೆ ಬೊಂಬೆಯ ಟೋಪಿಯನ್ನು ಗಂಡನಿಂದ ಯಾಕೆ ಮುಚ್ಚಿಡಬೇಕು? ಮತ್ತೆ ಮೊದಲಿಗೇ ಬರುತ್ತಿದ್ದರು.

ಬೆಸೆದವನನ್ನೂ ಬಿಡುತ್ತಿರಲಿಲ್ಲ. "ಯಾವನೋ ಕಲಿಯೋನು. ಅವಸರದ ಕೆಲಸ. ಹೊರಗೆ ಕಾಣೋ ಕಡೆ ಅರ ಆಡಿಸಿದಾನೆ, ಒಳಗೆ ಯಾರು ನೋಡ್ತಾರೆ ಅಂತ ಸೀಸ ಸುರಿದು ಹಾಗೇ ಬಿಟ್ಟಿದಾನೆ, ಸೋಂಬೇರಿ."

ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅರದ ಗೆರೆಗಳು ಎಡಕ್ಕೆ ವಾಲಿದ್ದವು. "ನಿಮ್ಮ ಹಾಗೇ ಎಡಚ ಮಾವ ಇವನು. ನೀವೇ ಮಾಡಿದ್ದೋ ಏನೋ."

"ಪ್ರಪಂಚದಲ್ಲಿ ನಾನೊಬ್ಬನೇ ಎಡಚನಾ? ಇಂಥ ಕೆಲಸ ಮಾಡಿದ್ರೆ ಕಸುಬು ಕಲಿಸಿದ ನಮ್ಮ ಯಜಮಾನರು ನನ್ನ ಎಡಗೈ ಕತ್ತರಿಸಿ ಹಾಕ್ತಿದ್ರು" ಎಂದು ಟೋಪಿಯನ್ನು ಕಿತ್ತುಕೊಂಡರು.

ಆಗ ನಾನು ಬಸುರಿ. ಮಹಡಿ ಹತ್ತಿ ಇಳಿಯುವುದು ಕಷ್ಟವಾಗುತ್ತಿದ್ದರೂ ಮಾವನಿಗೆ ಊಟ ಕೊಡಲು ನಾನೇ ಇಳಿಯುತ್ತಿದ್ದೆ. ಅತ್ತೆ ಹೋದ ಮೇಲೆ ಮಾವ ಕರಗುತ್ತಿದ್ದರು. ಅಂಗಿಯೊಳಗೆ ಮೈ ಹುಡುಕಬೇಕು. ಗಿರಾಕಿಗಳು ಬಂದರೆ ಅವರ ಸಾಮಾನು ನೋಡುವ ಬದಲು ತಮ್ಮ ಟೋಪಿ ತೋರಿಸುತ್ತಿದ್ದರು. ಕೆಲವರು ಮರುಕಪಟ್ಟರು, ಕೆಲವರು ಬೇರೆ ಅಂಗಡಿ ನೋಡಿಕೊಂಡರು. ಮಗು ಬಂದರೆ ಸರಿಹೋಗುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ.

ಮಗು ಬಂತು, ಹೆಣ್ಣು. ಆಸ್ಪತ್ರೆಗೆ ಬಂದ ಮಾವ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಉಗುರಿನ ಸಂದು ಉಜ್ಜಿ, ಮತ್ತೆ ತೊಳೆದುಕೊಂಡು ಆಮೇಲೆ ಕೂಸನ್ನು ಎತ್ತಿಕೊಂಡರು. ನರ್ಸಮ್ಮ ನೋಡಿ, "ಏನಜ್ಜ, ಆಪರೇಷನ್ ಮಾಡೋಕೆ ಬಂದಿದೀರಾ?" ಎಂದು ನಕ್ಕರು. ಮಾವನೂ ನಕ್ಕರು. ಅತ್ತೆ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು.

ನನಗೆ ಹಾಲು ಕುಡಿಸುವುದು ನರಕವಾಯಿತು. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದರೆ ಜೀವ ಬಾಯಿಗೆ ಬರುತ್ತಿತ್ತು. ಅದೇ ನರ್ಸಮ್ಮ ಒಂದು ಪುಟ್ಟ ಡಬ್ಬಿ ತೆರೆದು ಒಳಗಿದ್ದದ್ದನ್ನು ಕೊಟ್ಟರು. "ಇದನ್ನ ಮೇಲೆ ಇಟ್ಕೊಂಡು ಕುಡಿಸಮ್ಮ. ಮಗು ಇದನ್ನ ಚೀಪುತ್ತೆ, ಹಾಲು ಇದರ ತೂತಿಂದ ಬರುತ್ತೆ, ನಿನಗೆ ನೋವಾಗಲ್ಲ." ತೆಳುವಾದ ಸಿಲಿಕೋನಿನದು, ಆಚೆ ಬದಿ ಕಾಣುವಂಥದ್ದು. ಆ ನೋವಿನಲ್ಲಿ ಅದರ ರೂಪ ಯಾರಿಗೆ ಬೇಕಿತ್ತು? ಇಟ್ಟುಕೊಂಡೆ, ಕುಡಿಸಿದೆ.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಮ್ಮ ಅದನ್ನು ಬಿಸಿನೀರಿನಲ್ಲಿ ತೊಳೆದು, ಕಿಟಕಿಯ ಬಳಿ ತಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಆ ಕಡೆ ನೋಡಿದೆ. ಅಗಲವಾದ ಅಂಚು. ನಡುವೆ ಪುಟ್ಟ ಎತ್ತರ. ನೆತ್ತಿಯಲ್ಲಿ ಸಣ್ಣ ತೂತು.

"ಅಮ್ಮಾ! ಟೋಪಿ!" ಎಂದು ಕಿರುಚಿದೆ. ಮಗು ಬೆಚ್ಚಿ ಅತ್ತಿತು.

ಮಗುವನ್ನು ಅಮ್ಮನ ಕೈಗೆ ಹಾಕಿ, ಬಾಣಂತಿಯ ಮೈ ಎನ್ನುವುದನ್ನೂ ಮರೆತು ಮೆಟ್ಟಿಲು ಇಳಿದೆ. ನನಗಾಗಿದ್ದ ಸಂತೋಷ ಹೇಳತೀರದು. ಇನ್ನಾದರೂ ಮಾವನ ತಲೆಯಿಂದ ಆ ಹುಳ ಹೋಗುತ್ತದಲ್ಲ. ಮಾವ ಮೇಜಿನ ಮುಂದೆ, ಬೆಳ್ಳಿ ಪುಡಿ ಬೀಳಲೆಂದು ಕಟ್ಟಿದ ಚರ್ಮದ ಜೋಲಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನನ್ನ ಸಿಲಿಕೋನಿನದನ್ನು ಅವರ ಬೆಳ್ಳಿಯದರ ಪಕ್ಕ ಇಟ್ಟೆ. ಒಂದೇ ತಾಯಿಯ ಮಕ್ಕಳು.

"ಏನೇ ಇದು?"

"ಹಾಲು ಕುಡಿಸುವಾಗ ಇಟ್ಕೊಳ್ಳೋದು ಮಾವ. ಬಾಣಂತಿಯರಿಗೆ. ತೊಟ್ಟು ಒಡೆದಿದ್ರೆ." ಮಾವನ ಮುಂದೆ ಆ ಮಾತು ಹೇಳಲು ನನಗೂ ಒಂದು ಚೂರು ನಾಚಿಕೆಯಾಯಿತು, ನಿಜ. "ನಿಮ್ಮದು ಹಳೇ ಕಾಲದ್ದು. ಆಗ ಬೆಳ್ಳೀಲಿ ಮಾಡ್ತಿದ್ರು ಅಂತ ಕಾಣುತ್ತೆ."

ಮಾವ ಎರಡನ್ನೂ ನೋಡಿದರು. ಬೆಳ್ಳಿಯದನ್ನು ಅಂಗೈಯಲ್ಲಿ ಕವುಚಿ ಹಿಡಿದು, ಅಂಚು ಯಾಕೆ ಒಳಕ್ಕೆ ಬಾಗಿದೆ ಎಂದು ಈಗ ಅರ್ಥವಾದವರ ಹಾಗೆ ತಲೆಯಾಡಿಸಿದರು. ಆಮೇಲೆ ಅವರ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. "ಅಷ್ಟೇನಾ!" ಎಂದರು. "ಅಯ್ಯೋ ಹುಚ್ಚಿ, ಅಷ್ಟೇನಾ! ನಾಚಿಕೆಗೆ ಮುಚ್ಚಿಟ್ಟಿದ್ದಾ ಇದನ್ನ? ನಾನೇನೇನೋ ಅಂದ್ಕೊಂಡೆನಲ್ಲೇ. ಎಂಥೆಂಥಾ ಅಂದ್ಕೊಂಡೆ ಅವಳ ಬಗ್ಗೆ." ನಗುತ್ತಿದ್ದರು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ನಾನೂ ನಕ್ಕೆ, ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು, ಟೋಪಿಯನ್ನು ಬೆರಳಲ್ಲಿ ತಿರುಗಿಸುತ್ತ, ಬಾಯಿಪಾಠವಾದ ಮಾತು ತಾನಾಗಿ ಬರುವ ಹಾಗೆ ಕೇಳಿದರು. "ಅಂದ್ರೆ ಇದು ಬಾಯಿಗೆ ತಾಗುತ್ತಾ?"

"ಬಾಯಿಗಲ್ಲದೆ ಇನ್ನೆಲ್ಲಿಗೆ ಮಾವ? ಮಗು ಬಾಯಿಗೇ" ಎಂದು ನಾನು ಕೀಟಲೆ ಮಾಡಿದೆ.

ಬೆರಳು ನಿಂತಿತು. ಟೋಪಿಯನ್ನು ಅಂಗಾತ ಮಾಡಿದರು. ಒಳಗಡೆಯ ಕಪ್ಪು ಗಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಕಿಟಕಿಯ ಕಡೆ ತಿರುಗಿ, ಹೊರಗಿನ ಅರದ ಗೆರೆ ನೋಡಿದರು. ತಮ್ಮ ಎಡಗೈಯನ್ನು ಒಮ್ಮೆ ನೋಡಿದರು. ನನಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಏನಾಯ್ತು ಮಾವ?" ಎಂದು ಎರಡು ಮೂರು ಸಲ ಕೇಳಿದೆ.

"ಪೌಡರ್ ಡಬ್ಬಿ ಮುಚ್ಚಳ ಅಂದ್ಲು ಕಣೆ" ಎಂದರು.

ಆಮೇಲೆ ಹೇಳಿದ್ದೆಲ್ಲ ತುಂಡುತುಂಡಾಗಿ. ಆಗ ಮಾವ ಯಜಮಾನರ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಮಗು ಹುಟ್ಟಿ ಸ್ವಲ್ಪ ದಿನವಾಗಿತ್ತು. ಅತ್ತೆ ಮಧ್ಯಾಹ್ನದ ಊಟ ತಂದವರು, ಬಟ್ಟೆಯಲ್ಲಿ ಸುತ್ತಿದ ಚಿಕ್ಕದೊಂದನ್ನು ಮುಂದೆ ಮಾಡಿ, ಇದು ಸೀಳಿದೆ, ಬೆಸೆದು ಕೊಡಿ ಎಂದಿದ್ದರು. ಯಾವ ಅಜ್ಜಿ ಕೊಟ್ಟಿದ್ದರೋ, ಯಾರ ಮನೆಯಿಂದ ಬಂದದ್ದೋ. ಅಂಗಡಿಯ ತುಂಬ ಗಂಡಸರು. ಯಜಮಾನರು, ಕೆಲಸದವರು, ಕಾದು ನಿಂತ ಗಿರಾಕಿಗಳು.

"ಕೇಳಿದ್ದೆ ನಾನು. ಏನು ಅಂತ ಕೇಳ್ದೆ. ಪಕ್ಕದ ಮನೆಯವರ ಪೌಡರ್ ಡಬ್ಬಿ ಮುಚ್ಚಳ ಅಂದ್ಲು. ಬಾಯಿಗೆ ತಾಗುತ್ತಾ ಅಂತ ಕೇಳ್ದೆ ಕಣೆ, ಅಲ್ಲಿಂದಲೇ ಕೂಗಿ ಕೇಳ್ದೆ, ಎಲ್ಲರಿಗೂ ಕೇಳೋ ಹಾಗೆ. ತಲೆ ಬಗ್ಗಿಸ್ಕೊಂಡು ಇಲ್ಲ ಅಂದ್ಲು."

ತೆಳು ಬೆಳ್ಳಿ, ಜೋರು ಬೆಂಕಿ ಕೊಟ್ಟರೆ ಸೊಟ್ಟಗಾಗುತ್ತದೆ. ಬಾಯಿಗೆ ತಾಗದ ಮುಚ್ಚಳಕ್ಕೆ ಸೀಸ ಸಾಕು. ಊಟಕ್ಕೆ ಕೂರುವ ಮೊದಲು, ನಿಂತ ಹಾಗೇ ಬೆಸೆದು, ಹೊರಗೆ ಅರ ಆಡಿಸಿ, ಹೆಂಡತಿಯ ಕೈಗೆ ಕೊಟ್ಟು, ಕೈ ತೊಳೆದು ಊಟಕ್ಕೆ ಕೂತಿದ್ದರು. ಅಂಥ ಕೆಲಸ ದಿನಕ್ಕೆ ಎಷ್ಟೋ, ಮರುದಿನಕ್ಕೇ ಮರೆತಿದ್ದರು.

ಆಗ ನನಗೆ ಅರ್ಥವಾಯಿತು. ಅಷ್ಟು ಜನ ಗಂಡಸರ ನಡುವೆ ಹೊಸ ಬಾಣಂತಿ, ಅದೂ ಅತ್ತೆಯಂಥವರು, ಅದು ಏನೆಂದು ಹೇಗೆ ಬಾಯಿಬಿಡಬೇಕಿತ್ತು? ಮನೆಗೆ ಬಂದ ಮೇಲಾದರೂ ಹೇಳಬಹುದಿತ್ತು. ಹೇಳಲು ಕಾರಣವಾದರೂ ಏನಿತ್ತು? ಸೀಸ ಎಂದರೇನು, ಬಾಯಿಗೆ ತಾಗಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಂಡ ಯಾಕೆ ಹಾಗೆ ಕೇಳುತ್ತಾನೆ ಎಂದು ಅವರಿಗೆ ತಿಳಿದದ್ದು ಆಮೇಲೆ, ಸ್ವಂತ ಅಂಗಡಿಯಲ್ಲಿ, ಊಟದ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದಾಗ. ಮಗು ಹೋಗಿ ಆಗಲೇ ವರ್ಷಗಳಾಗಿದ್ದವು.

ಮಾವನ ಯೋಚನೆಯೂ ಅಲ್ಲಿಗೇ ಬಂದಿತ್ತು. "ನನ್ನ ಗಂಟಲಿಗೆ ಹೆದರಿದ್ದಲ್ಲ ಅವಳು" ಎಂದರು.

ನಾನು ನನ್ನ ಕೈಲಾದದ್ದೆಲ್ಲ ಹೇಳಿದೆ. ಆಗಿನ ಕಾಲದಲ್ಲಿ ಮಕ್ಕಳು ಯಾವುದಕ್ಕೆ ಬೇಕಾದರೂ ಹೋಗುತ್ತಿದ್ದವು, ಜ್ವರ ಎಂದು ಡಾಕ್ಟರೇ ಹೇಳಿದ್ದರು, ಅತ್ತೆ ಅದನ್ನು ಎಷ್ಟು ದಿನ ಬಳಸಿದರೋ ಯಾರಿಗೆ ಗೊತ್ತು, ಇಷ್ಟು ಸೀಸದಿಂದ ಹೀಗೆಯೇ ಆಯಿತು ಎಂದು ಯಾರೂ ಹೇಳಲಾರರು. ಆಮೇಲೆ ನಮ್ಮ ಡಾಕ್ಟರ ಹತ್ತಿರ ಕೇಳಿ, ಅವರೂ ಖಂಡಿತವಾಗಿ ಹೇಳಲಾಗದು ಎಂದದ್ದನ್ನು ಮಾವನಿಗೆ ತಿಳಿಸಿದೆ.

"ಇಲ್ಲ ಅಂತ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದು ಅವರು ಹೇಳಿರಲಿಲ್ಲ.

ಅಮ್ಮ ಎದೆ ಎದೆ ಬಡಿದುಕೊಂಡಳು. "ಸುಡು ಅಂದಿದ್ರು, ಸುಟ್ಟುಬಿಡಬೇಕಿತ್ತು. ಬೆಳ್ಳಿ ಆಸೆಗೆ ಹಾಳಾದೆ" ಎಂದು ಅಣ್ಣನ ಮುಂದೆ ಅತ್ತಳು. ಮಾವ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮನೆ ಒಲೆಯ ಉರಿಗೆ ಬೆಳ್ಳಿ ಕರಗಲ್ಲ ಕಣೆ" ಎಂದರು. "ಹಾಗೇ ಉಳೀತಿತ್ತು. ಸೀಸ ಮಾತ್ರ ಕರಗಿ ಬೂದಿಗೆ ಸೇರ್ಕೊಳ್ತಿತ್ತು. ಬೆಳ್ಳಿ ಕೆಲಸದವನ ಹೆಂಡತಿ, ಅಷ್ಟು ಗೊತ್ತಿತ್ತು ಅವಳಿಗೆ. ನನ್ನ ಬೆಸುಗೆ ಅಳಿಸು ಅಂತ ನಿನಗೆ ಹೇಳಿದ್ಲು. ಅಷ್ಟೇ ಅವಳು ಕೇಳಿದ್ದು."

ಅವರಿಬ್ಬರ ಆ ವರ್ಷಗಳನ್ನು ನಾನು ಈಗಲೂ ನೆನೆಯುತ್ತೇನೆ. ಒಂದೇ ಗೋಡೆಯ ಈಚೆ ಅತ್ತೆ, ಆಚೆ ಮಾವ. ಆಚೆಯಿಂದ ದಿನವೂ ಆ ಪ್ರಶ್ನೆ ಕೇಳಿಸುತ್ತಿತ್ತು, ಬಂದವರಿಗೆಲ್ಲ, ಗಟ್ಟಿ ದನಿಯಲ್ಲಿ. ಅತ್ತೆ ಈಚೆ ಅನ್ನ ಬೇಯಿಸುತ್ತ ಅದನ್ನು ಕೇಳಿಸಿಕೊಂಡು, ಒಂದು ಮಾತೂ ಆಡದೆ, ಹೊಸ್ತಿಲ ಮೇಲೆ ತಟ್ಟೆ ಇಟ್ಟು ಬಳೆ ಸದ್ದು ಮಾಡಿ ಹೋಗುತ್ತಿದ್ದರು. ತಾನು ಆಡಿದ ಒಂದು ಸುಳ್ಳಿಗಾಗಿ ತನ್ನನ್ನು ಎಷ್ಟು ಶಪಿಸಿಕೊಂಡರೋ, ಬೆಸೆದ ಕೈಯನ್ನು ಎಷ್ಟು ದ್ವೇಷಿಸಿದರೋ, ಎರಡನ್ನೂ ಒಳಗೇ ಹೊಲಿದಿಟ್ಟುಕೊಂಡರು. ಒಮ್ಮೆಯಾದರೂ ಇಬ್ಬರೂ ಕೂತು ಅತ್ತಿದ್ದರೆ ಎಂದು ನನಗೆ ಅನಿಸುತ್ತದೆ. ಈಗ ಮಾವನ ಜೊತೆ ಅಳಲು ಆ ಜೀವವೂ ಇಲ್ಲ.

ಮಾವ ಅಂಗಡಿ ಮುಚ್ಚಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುತ್ತಾರೆ, ಮೇಜಿನ ಮುಂದೆ ಕೂರುತ್ತಾರೆ. ಬಲಗಡೆಯ ಸೀಸದ ಡಬ್ಬಿ ಈಗ ಇಲ್ಲ. ಎಡಗಡೆಯದನ್ನೂ ಮುಟ್ಟುವುದಿಲ್ಲ. ಯಾರಾದರೂ ಸಾಮಾನು ತಂದಿಟ್ಟರೆ ನೋಡುತ್ತಾರೆ, ಏನೂ ಕೇಳುವುದಿಲ್ಲ. ಗಿರಾಕಿಗಳೇ ನೆನಪಿಸುತ್ತಾರೆ, "ಬಾಯಿಗೆ ತಾಗುತ್ತೆ ಮೇಸ್ತ್ರಿ, ಲೋಟ ಇದು" ಎಂದು. ಮಾವ ಅದನ್ನು ಅವರ ಕಡೆಗೇ ಸರಿಸುತ್ತಾರೆ. ಜಡ್ಜ್ ಒಮ್ಮೆ ಬಂದು ಊರುಗೋಲು ಊರಿಕೊಂಡು ತುಂಬಾ ಹೊತ್ತು ನಿಂತಿದ್ದು ಹೋದರು.

ನನ್ನ ಮಗಳನ್ನು ಆ ದಿನದಿಂದ ಅವರು ಎತ್ತಿಕೊಂಡಿಲ್ಲ. ಮೊದಮೊದಲು ನನಗೆ ಸಿಟ್ಟು ಬಂತು. ಹೋದ ಮಗುವಿಗೆ ಇದ್ದ ಮಗು ಏನು ಮಾಡಿತ್ತು ಎಂದು ಅವರ ಎದುರಿಗೇ ಕೇಳಿಬಿಟ್ಟೆ. ಅವಳು ಅತ್ತರೆ ಮೆಟ್ಟಿಲ ಬುಡದವರೆಗೆ ಬಂದು ನಿಲ್ಲುತ್ತಾರೆ, ಸುಮ್ಮನಾದ ಮೇಲೆ ಹೋಗುತ್ತಾರೆ.

ಈಗ ಅವಳು ಅಂಬೆಗಾಲಿಡುತ್ತಾಳೆ. ಮೊನ್ನೆ ನಾನು ಮಾವನಿಗೆ ಊಟ ಇಡುವಾಗ ನಡುವಿನ ಬಾಗಿಲಿನಿಂದ ಅಂಗಡಿಯೊಳಗೆ ನುಸುಳಿದಳು. ಮೇಜಿನ ಕೆಳಗೆ ಜೋತುಬಿದ್ದಿದ್ದ ಮಾವನ ಎಡಗೈ ಅವಳಿಗೆ ಸಿಕ್ಕಿತು. ಎರಡೂ ಕೈಯಲ್ಲಿ ಒಂದು ಬೆರಳು ಹಿಡಿದುಕೊಂಡು, ನಗುತ್ತ ಬಾಯಿಯ ಕಡೆಗೆ ಎಳೆದುಕೊಂಡಳು. ಮಾವ ಬೆಂಕಿ ಮುಟ್ಟಿದವರ ಹಾಗೆ ಕೈ ಕಿತ್ತುಕೊಂಡರು. ಮಗು ಹಿಂದಕ್ಕೆ ಬಿದ್ದು ಜೋರಾಗಿ ಅತ್ತಿತು. ಮಾವ ಎದ್ದು ಗೋಡೆಗೆ ಒರಗಿ ನಿಂತರು. ಎರಡೂ ಕೈ ಬೆನ್ನ ಹಿಂದೆ ಇದ್ದವು. ತೊಳೆದು ತೊಳೆದು ಆ ಕೈಗಳ ಚರ್ಮ ಸುಲಿದಿದೆ, ನನಗೆ ಗೊತ್ತು.

"ಎತ್ಕೊಂಡು ಹೋಗೆ" ಎಂದರು ನನಗೆ. "ಬಾಯಿಗೆ ಹಾಕ್ಕೊಳ್ತಾಳೆ."